ಮಾತ್ರೆ ಇದೆ, ಕೊಡುವ ಕಿಟಕಿ ಎಲ್ಲಿದೆ? ಬಳ್ಳಾರಿಯಲ್ಲಿ ಸೂಜಿ ನಶೆ ಮತ್ತು ಎಚ್‌ಐವಿ ತಡೆ

ಎಚ್‌ಐವಿ ಬಂದ ಮೇಲೆ ಜೀವನಪೂರ್ತಿ ಗುಳಿಗೆ ತಗೊಳ್ಳಬೇಕು ಅನ್ನುವುದು ಬಳ್ಳಾರಿಯ ಯಾವ ಓಣಿಯಲ್ಲಿ ಕೇಳಿದರೂ ಗೊತ್ತಿರುವ ಮಾತು. ಆದರೆ ಬರುವ ಮೊದಲೇ ಅದನ್ನು ತಡೆಯುವ ಗುಳಿಗೆ ಇದೆ ಅಂದರೆ ಓದಿದವರೂ ‘ಹೌದಾ?’ ಅನ್ನುತ್ತಾರೆ. ಅದರ ಹೆಸರು ಪ್ರೆಪ್. ಟೆನೊಫೊವಿರ್, ಎಮ್‌ಟ್ರಿಸಿಟಾಬಿನ್ ಎಂಬ ಎರಡು ಔಷಧ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2012ರಲ್ಲಿ. ಎಚ್‌ಐವಿ ಅಪಾಯ ಜಾಸ್ತಿ ಇರುವ ಎಲ್ಲರಿಗೂ ಇದು ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ನಮ್ಮ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, 2022ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು.

ಕಾಗದದ ಮೇಲೆ ಎಲ್ಲವೂ ಇದೆ. ಆದರೆ ಯಾರಿಗೆ ಇದು ತುರ್ತಾಗಿ ಬೇಕೋ ಅವರಿಗೆ ಎಲ್ಲರಿಗಿಂತ ಕಡಿಮೆ ತಲುಪಿದೆ. ನಾನು ಹೇಳುತ್ತಿರುವುದು ಸೂಜಿಯಿಂದ ನಶೆ ಮಾಡುವವರ ಬಗ್ಗೆ.

ನ್ಯಾಕೋ 2021ರಲ್ಲಿ ನಡೆಸಿದ ಸಮೀಕ್ಷೆಯ ಅಂಕಿ ನೋಡಿ. ದೇಶದಲ್ಲಿ ಸೂಜಿ ನಶೆ ಮಾಡುವ ನೂರು ಜನರಲ್ಲಿ ಒಂಬತ್ತು ಜನಕ್ಕೆ ಎಚ್‌ಐವಿ ಇತ್ತು. ಸರಿಯಾಗಿ ಹೇಳಬೇಕೆಂದರೆ ಶೇ 9.03. ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಅದು ಶೇ 1.85. ಒಟ್ಟು ವಯಸ್ಕರಲ್ಲಿ ಶೇ 0.2ರ ಆಸುಪಾಸು. ಕಾರಣ ಸರಳ. ಎಚ್‌ಐವಿ ಇರುವವರ ಸೂಜಿಯನ್ನು ಹತ್ತು ಸಾವಿರ ಸಲ ಹಂಚಿಕೊಂಡರೆ ಸುಮಾರು 63 ಸಲ ಸೋಂಕು ದಾಟುತ್ತದೆ ಎನ್ನುವುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕ. ಗಂಡಸಿನಿಂದ ಹೆಂಗಸಿಗೆ ಲೈಂಗಿಕ ಸಂಪರ್ಕದಲ್ಲಿ ಅದು ಹತ್ತು ಸಾವಿರಕ್ಕೆ 8. ಸೂಜಿಯಲ್ಲಿ ರಕ್ತ ನೇರವಾಗಿ ರಕ್ತಕ್ಕೇ ಸೇರುತ್ತದೆ. ಅದೂ ದಿನಕ್ಕೆ ಒಂದೇ ಸಲ ಅಲ್ಲ.

‘ಇದೆಲ್ಲ ಮಣಿಪುರ, ಪಂಜಾಬ್ ಕಥೆ, ನಮ್ಮ ಕಡೆ ಎಲ್ಲಿದೆ?’ ಅನ್ನುವವರು ಜಾಸ್ತಿ. ರಾಯಚೂರಿನಲ್ಲಿ ನಶೆ ಅಂದರೆ ಮೊದಲು ನೆನಪಾಗುವುದು ಸಿ.ಎಚ್. ಪೌಡರ್ ಎಂಬ ಮತ್ತು ಬರಿಸುವ ರಾಸಾಯನಿಕ ಬೆರೆಸಿದ ಸೇಂದಿ. ಬಳ್ಳಾರಿ, ಕೊಪ್ಪಳದಲ್ಲಿ ಮದ್ಯ ಮತ್ತು ಗಾಂಜಾ. ಶಾಲೆ ಗೋಡೆಯ ಪೋಸ್ಟರ್‌ನಲ್ಲಿ ಇರುವುದೂ ಅದೇ. ಆದರೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆ, ದೇಶದಲ್ಲಿ ಸುಮಾರು 8.5 ಲಕ್ಷ ಜನ ಸೂಜಿ ನಶೆ ಮಾಡುತ್ತಾರೆ ಎಂದು ಅಂದಾಜು ಮಾಡಿತು. ಅಂಥವರು ಜಾಸ್ತಿ ಇರುವ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಪಕ್ಕದ ಆಂಧ್ರ, ತೆಲಂಗಾಣವೂ ಇದ್ದವು. ಬಳ್ಳಾರಿಯ ಒಂದು ಕಡೆ ಆಂಧ್ರದ ಗಡಿ, ರಾಯಚೂರಿಗೆ ತೆಲಂಗಾಣದ ಗಡಿ. ಅದಿರು ಲಾರಿ, ಉಕ್ಕಿನ ಕಾರ್ಖಾನೆ, ಜೀನ್ಸ್ ಹೊಲಿಯುವ ಘಟಕ, ಬೇರೆ ಊರಿಂದ ಬಂದ ಗುತ್ತಿಗೆ ಕಾರ್ಮಿಕರು. ಇಂಥ ಕಡೆ ಸೂಜಿ ಬರೋದೇ ಇಲ್ಲ ಎಂದು ಕೂರುವುದು ಸರಿಯಲ್ಲ.

ಇನ್ನೊಂದು ವಿಷಯ. ಸೂಜಿ ನಶೆಗೆ ಹೆರಾಯಿನ್ನೇ ಬೇಕಾಗಿಲ್ಲ. ರಾಜ್ಯದ ನಗರಗಳಲ್ಲಿ ಪೊಲೀಸರು ಮತ್ತೆ ಮತ್ತೆ ಹಿಡಿಯುತ್ತಿರುವುದು ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆ. ವೈದ್ಯರ ಚೀಟಿ ಮೇಲೆ ಮಾರಬೇಕಾದ ಔಷಧ. ನುಂಗಬೇಕಾದ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಮಾತ್ರೆಯಲ್ಲಿರುವ ಪುಡಿ ಕರಗದೆ ನರ ಕಟ್ಟುತ್ತದೆ, ಕೈ ಬಾವುತ್ತದೆ, ಕೀವಾಗುತ್ತದೆ. ಇದನ್ನು ಮಾಡುವ ಹುಡುಗ ತನ್ನನ್ನು ಡ್ರಗ್ಸ್ ಚಟದವನು ಎಂದುಕೊಂಡಿರುವುದೇ ಇಲ್ಲ. ‘ಮೆಡಿಕಲ್ ಶಾಪಿನ ಗುಳಿಗೆ ತಾನೇ’ ಅಂದುಕೊಂಡಿರುತ್ತಾನೆ. ಪ್ರೆಪ್ ತಲುಪದಿರುವುದಕ್ಕೆ ಮೊದಲ ಅಡ್ಡಿ ಇದು: ಅಪಾಯದಲ್ಲಿರುವವನಿಗೇ ತಾನು ಅಪಾಯದಲ್ಲಿದ್ದೇನೆ ಅನ್ನುವುದು ಗೊತ್ತಿಲ್ಲ.

ನೋವಿನ ಮಾತ್ರೆಯಿಂದ ಏನಾಗಬಹುದು ಅನ್ನುವುದಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ ಉದಾಹರಣೆ. ಜನಸಂಖ್ಯೆ 24 ಸಾವಿರದ ಆಸುಪಾಸು. ಹತ್ತು ವರ್ಷದಲ್ಲಿ ಐದು ಎಚ್‌ಐವಿ ಪ್ರಕರಣವಷ್ಟೇ ಕಂಡ ಜಾಗ. ಅಲ್ಲಿ ಕೆಲವರು ಆಕ್ಸಿಮಾರ್ಫೋನ್ ಎಂಬ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದರು. ಒಂದೇ ಸೂಜಿ ಮನೆಯವರ ನಡುವೆ, ಗೆಳೆಯರ ನಡುವೆ ಓಡಾಡುತ್ತಿತ್ತು. 2015ರ ಆರಂಭದಲ್ಲಿ ಕೆಲವೇ ಪ್ರಕರಣ ಗೊತ್ತಾದವು. ಅದೇ ನವೆಂಬರ್ ಹೊತ್ತಿಗೆ 181 ಜನ. ಅವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಹೆಪಟೈಟಿಸ್ ಸಿ ಕೂಡ ಇತ್ತು. ಹತ್ತಿರದಲ್ಲಿ ಉಚಿತವಾಗಿ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದ ಕ್ಲಿನಿಕ್ 2013ರಲ್ಲೇ ಮುಚ್ಚಿತ್ತು. ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸದಿರಲಿ ಎಂದು ಹೊಸ ಸೂಜಿ ಹಂಚುವುದು ಕಾನೂನುಬಾಹಿರವಾಗಿತ್ತು. ರಾಜ್ಯಪಾಲರು ತುರ್ತು ಪರಿಸ್ಥಿತಿ ಘೋಷಿಸಿದ ಮೇಲೆ ಸೂಜಿ ಕೊಡಲು ಶುರು ಮಾಡಿದರು. ಲೆಕ್ಕದಲ್ಲಿ ಎಚ್‌ಐವಿ ಕಮ್ಮಿ ಇತ್ತು ಅನ್ನುವುದು ಆ ಊರನ್ನು ಕಾಪಾಡಲಿಲ್ಲ.

ಈಗ ಮಾತ್ರೆಯ ವಿಷಯಕ್ಕೆ ಬರೋಣ. ಸೂಜಿ ನಶೆ ಮಾಡುವವರಲ್ಲಿ ಪ್ರೆಪ್ ಕೆಲಸ ಮಾಡುತ್ತದಾ? ಮಾಡುತ್ತದೆ. ಬ್ಯಾಂಕಾಕ್‌ನ 17 ಚಿಕಿತ್ಸಾ ಕೇಂದ್ರಗಳಲ್ಲಿ 2,400ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ದಿನಾ ಟೆನೊಫೊವಿರ್ ತಗೊಂಡ ಗುಂಪಿನಲ್ಲಿ 17 ಜನಕ್ಕೆ ಸೋಂಕಾಯಿತು, ಔಷಧವಿಲ್ಲದ ಮಾತ್ರೆ ತಗೊಂಡ ಗುಂಪಿನಲ್ಲಿ 33 ಜನಕ್ಕೆ. ಅಂದರೆ ಸುಮಾರು ಅರ್ಧದಷ್ಟು ಕಡಿಮೆ. ರಕ್ತದಲ್ಲಿ ಔಷಧ ನಿಜವಾಗಿ ಸಿಕ್ಕವರನ್ನಷ್ಟೇ ನೋಡಿದರೆ ರಕ್ಷಣೆ ಶೇ 70ರ ಆಸುಪಾಸು. ಆ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅಂಕಿಗಿಂತ ಜಾಗ. ಜನ ನಶೆ ಬಿಡುವ ಚಿಕಿತ್ಸೆಗೆ ಹೇಗೂ ಬರುತ್ತಿದ್ದ ಕಿಟಕಿಯಲ್ಲೇ ಮಾತ್ರೆಯೂ ಸಿಕ್ಕಿತು. ಬಹಳ ಜನ ಸಿಬ್ಬಂದಿಯ ಕಣ್ಣೆದುರೇ ನುಂಗಿದರು. ಪ್ರೆಪ್‌ಗಾಗಿ ಬೇರೆ ಕಟ್ಟಡ, ಬೇರೆ ಸಾಲು, ಬೇರೆ ದಿನ ಇರಲಿಲ್ಲ.

ನಮ್ಮಲ್ಲಿ ಹೇಗಿರುತ್ತದೆ? ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸ ಮಾಡುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ವಯಸ್ಸು ಇಪ್ಪತ್ಮೂರು ಅಂತಿಟ್ಟುಕೊಳ್ಳಿ. ಮೂವರು ದುಡ್ಡು ಕೂಡಿಸಿ ಗುಳಿಗೆ ತರುತ್ತಾರೆ. ಸಿರಿಂಜ್ ಮಾತ್ರ ಒಂದೇ. ದುಡ್ಡಿಲ್ಲ ಅಂತಲ್ಲ, ಅಂಗಡಿಯವನು ಕೇಳಿದ್ದನ್ನು ಕೊಡುವ ಮೊದಲು ಮುಖ ನೋಡುತ್ತಾನೆ. ಮೂರು ಸಿರಿಂಜ್ ಕೇಳಿದರೆ ‘ಯಾತಕ್ಕೆ?’ ಅನ್ನುತ್ತಾನೆ. ಜೇಬಿನಲ್ಲಿ ಸಿರಿಂಜ್ ಇಟ್ಟುಕೊಂಡು ಬೈಕಲ್ಲಿ ಹೋಗುವಾಗ ಪೊಲೀಸರು ತಡೆದರೆ? ಅದಕ್ಕೇ ಒಂದೇ ತಂದು, ಮೂವರೂ ಬಳಸಿ, ಅಲ್ಲೇ ಎಸೆಯುತ್ತಾರೆ. ಮೊದಲು ಯಾರು, ಕೊನೆಗೆ ಯಾರು ಅನ್ನುವುದು ಗೆಳೆತನದ ಲೆಕ್ಕ. ಕೊನೆಯವನಿಗೆ ಇಬ್ಬರ ರಕ್ತ. ಸೂಜಿ ಬೇರೆ ಬೇರೆ ಇದ್ದರೂ ಕರಗಿಸಿದ ನೀರು, ಮುಚ್ಚಳ, ಹತ್ತಿ ಒಂದೇ ಆಗಿದ್ದರೆ ಸೋಂಕು ಅಲ್ಲಿಂದಲೂ ದಾಟಬಹುದು. ಬಳ್ಳಾರಿ ಬಿಸಿಲಿಗೆ ವೈರಸ್ ಸತ್ತು ಹೋಗುತ್ತೆ ಅನ್ನುವ ನಂಬಿಕೆ ಬೇಡ. ಸಿರಿಂಜ್ ಒಳಗೆ ಉಳಿದ ರಕ್ತದಲ್ಲಿ ಅದು ದಿನಗಟ್ಟಲೆ ಉಳಿಯಬಲ್ಲದು.

ಇವನಿಗೆ ಯಾರೋ ಪ್ರೆಪ್ ಬಗ್ಗೆ ಹೇಳಿದರು ಎಂದುಕೊಳ್ಳೋಣ. ಮುಂದೇನು? ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಬೇಕು. ಮೂವತ್ತು ಕಿಲೋಮೀಟರ್ ಆಸುಪಾಸು ದಾರಿ, ಒಂದು ದಿನದ ಕೂಲಿ ಹೋಯಿತು. ಪ್ರೆಪ್ ಶುರು ಮಾಡುವ ಮೊದಲು ಎಚ್‌ಐವಿ ಪರೀಕ್ಷೆ ಆಗಲೇಬೇಕು. ಸೋಂಕು ಆಗಲೇ ಇದ್ದು ಗೊತ್ತಿಲ್ಲದೆ ಈ ಎರಡೇ ಔಷಧ ತಗೊಂಡರೆ ವೈರಸ್ ಔಷಧಕ್ಕೆ ಬಗ್ಗದಂತಾಗಬಹುದು. ಕಿಡ್ನಿ ಹೇಗಿದೆ ಎಂದು ಕ್ರಿಯೇಟಿನಿನ್ ನೋಡಬೇಕು. ಹೆಪಟೈಟಿಸ್ ಬಿ ಇದೆಯಾ ನೋಡಬೇಕು, ಯಾಕೆಂದರೆ ಟೆನೊಫೊವಿರ್ ಅದಕ್ಕೂ ಔಷಧ, ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಲಿವರ್‌ಗೆ ತೊಂದರೆ. ಈ ಪರೀಕ್ಷೆಗಳು ಬೇಕೇ ಬೇಕು, ನಾನು ಅದನ್ನು ಬೇಡ ಅನ್ನುತ್ತಿಲ್ಲ. ಆದರೆ ರಕ್ತ ಇವತ್ತು, ರಿಪೋರ್ಟ್ ನಾಳೆ, ಡಾಕ್ಟರು ಸೋಮವಾರ ಅಂದರೆ ಇವನು ಎರಡನೇ ಸಲ ಬರುವುದಿಲ್ಲ. ಬೆಳಗ್ಗೆ ಎದ್ದಾಗ ನಶೆ ಇಳಿದು ಕೈಕಾಲು ಎಳೆತ, ವಾಂತಿ, ಮೈ ಬೆವರು ಶುರುವಾಗಿರುತ್ತದೆ. ಆ ಹೊತ್ತಿನಲ್ಲಿ ಮುಂದೆ ಯಾವತ್ತೋ ಬರಬಹುದಾದ ಎಚ್‌ಐವಿಗಿಂತ ಈಗಿನ ನೋವೇ ದೊಡ್ಡದು. ಯಾರಿಗಾದರೂ ಹಾಗೇ ಅಲ್ವಾ?

ಸಾಲಿನ ವಿಷಯ ಇನ್ನೂ ಕಷ್ಟ. ಎಆರ್‌ಟಿ ಕೇಂದ್ರದ, ಅಂದರೆ ಎಚ್‌ಐವಿ ಇರುವವರಿಗೆ ಔಷಧ ಕೊಡುವ ಜಾಗದ, ಮುಂದೆ ನಿಂತವರನ್ನು ನೋಡಿದರೆ ಜನ ಒಂದೇ ಅರ್ಥ ಮಾಡುತ್ತಾರೆ. ಎಚ್‌ಐವಿ ಬಾರದಿರಲಿ ಎಂದು ಬಂದವನಿಗೂ ಎಚ್‌ಐವಿ ಇದೆ ಅನ್ನುವ ಹೆಸರು ಅಂಟುತ್ತದೆ. ಮಾತ್ರೆಯ ಡಬ್ಬಿಯದ್ದೂ ಅದೇ ಗತಿ. ಎಚ್‌ಐವಿ ಇರುವವರಿಗೆ ಕೊಡುವ ಮಾತ್ರೆಯಲ್ಲೂ ಟೆನೊಫೊವಿರ್ ಇದೆ, ಡಬ್ಬಿಯೂ ನೋಡಲು ಹಾಗೇ ಇರುತ್ತದೆ. ಮನೆಯಲ್ಲಿ ಅಮ್ಮನೋ ಹೆಂಡತಿಯೋ ಅದನ್ನು ನೋಡಿದರೆ ಏನೆಂದು ವಿವರಿಸುತ್ತಾನೆ? ‘ಇದು ಬರದಂತೆ ತಡೆಯುವುದು’ ಅಂದರೆ ಮುಂದಿನ ಪ್ರಶ್ನೆ ‘ನಿನಗ್ಯಾಕೆ ಬರುತ್ತೆ?’ ಒಂದು ಗುಟ್ಟು ಮುಚ್ಚಲು ಹೋಗಿ ಇನ್ನೊಂದನ್ನು ಬಿಚ್ಚಬೇಕು. ಶೆಡ್ಡಿನಲ್ಲಿ ಎಂಟು ಜನರ ಜೊತೆ ಮಲಗುವವನಿಗಂತೂ ಡಬ್ಬಿ ಇಡಲು ಜಾಗವೂ ಇಲ್ಲ.

ದುಡ್ಡು ಅಡ್ಡಿಯೇ. ಎಚ್‌ಐವಿ ಇರುವವರಿಗೆ 2004ರಿಂದ ಸರ್ಕಾರ ಉಚಿತವಾಗಿ ಔಷಧ ಕೊಡುತ್ತಿದೆ, ಅದು ದೇಶ ಹೆಮ್ಮೆ ಪಡಬೇಕಾದ ಕೆಲಸ. ಆದರೆ ಪ್ರೆಪ್ ಹಾಗೆ ಜಿಲ್ಲೆ ಜಿಲ್ಲೆಯಲ್ಲೂ ಉಚಿತವಾಗಿ ಸಿಗುವ ಮಟ್ಟಕ್ಕೆ ಬಂದಿಲ್ಲ. ಖಾಸಗಿಯಾಗಿ ಕೊಂಡರೆ ತಿಂಗಳಿಗೆ ಸಾವಿರ ರೂಪಾಯಿಗೂ ಮೇಲೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆಯ ಖರ್ಚು ಬೇರೆ. ದೊಡ್ಡ ಊರಿನಲ್ಲಿ ಇಂಟರ್ನೆಟ್‌ನಲ್ಲಿ ಹುಡುಕಿ ಡಾಕ್ಟರನ್ನು ಕಂಡುಕೊಳ್ಳುವವರಿಗೆ ಇದು ಸಿಗುತ್ತದೆ. ತೋರಣಗಲ್ಲಿನ ಹುಡುಗನಿಗೆ ಸಿಗುವುದಿಲ್ಲ.

ಆಮೇಲೆ ಡಾಕ್ಟರ ಅನುಮಾನ. ‘ಇಂಥವನು ದಿನಾ ತಪ್ಪದೆ ಮಾತ್ರೆ ನುಂಗ್ತಾನಾ?’ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಬಿಪಿ ಮಾತ್ರೆ ಬರೆಯುವಾಗ ಯಾರೂ ಹೀಗೆ ಕೇಳುವುದಿಲ್ಲ, ಬಿಪಿಯವರು ಮಾತ್ರೆ ಬಿಡುವುದು ಎಷ್ಟು ಸಾಮಾನ್ಯ ಎಂದು ಗೊತ್ತಿದ್ದೂ. ಬ್ಯಾಂಕಾಕ್ ಅಧ್ಯಯನವೇ ಉತ್ತರ: ಮಾತ್ರೆ ಇದ್ದಲ್ಲಿಗೆ ಜನ ಬಂದರು, ನುಂಗಿದರು. ನಶೆ ಬಿಡದಿದ್ದರೆ ಪ್ರೆಪ್ ಕೊಡಲ್ಲ ಅನ್ನುವುದೂ ತಪ್ಪು. ನಶೆ ಬಿಡುವ ಚಿಕಿತ್ಸೆಗೆ ಕೊಡುವ ಬೂಪ್ರೆನಾರ್ಫಿನ್ ಜೊತೆ ಪ್ರೆಪ್‌ಗೆ ಜಗಳವಿಲ್ಲ, ಎರಡನ್ನೂ ಒಟ್ಟಿಗೆ ತಗೊಳ್ಳಬಹುದು. ಬೂಪ್ರೆನಾರ್ಫಿನ್ ಅನ್ನು ಸಿಬ್ಬಂದಿಯ ಎದುರೇ, ದಿನಾ ನಾಲಿಗೆ ಕೆಳಗೆ ಇಡುತ್ತಾರೆ. ಅದೇ ಹೊತ್ತಿಗೆ ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಪ್ರೆಪ್ ಮಾತ್ರೆ ಇಟ್ಟರೆ ಡಬ್ಬಿ, ಮನೆ, ಮರೆವು, ಮೂರೂ ಸಮಸ್ಯೆ ಒಂದೇ ಸಲಕ್ಕೆ ಹೋಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಶೆ ಮಾಡುವವರ ಸಂಘಟನೆಗಳೇ ಪ್ರೆಪ್ ಬಗ್ಗೆ ಮೊದಲಿಂದ ಒಂದು ಆತಂಕ ಹೇಳುತ್ತಾ ಬಂದಿವೆ. ಸೂಜಿ ಕೊಡಲು ಮನಸ್ಸಿಲ್ಲದ ಸರ್ಕಾರಗಳು ಅದರ ಬದಲಿಗೆ ಮಾತ್ರೆ ಕೊಟ್ಟು ಕೈತೊಳೆದುಕೊಂಡಾವು ಅನ್ನುವುದು. ಬ್ಯಾಂಕಾಕ್ ಅಧ್ಯಯನಕ್ಕೂ ಇದೇ ಟೀಕೆ ಬಂತು, ಅಲ್ಲಿ ಭಾಗವಹಿಸಿದವರಿಗೆ ಹೊಸ ಸೂಜಿ ಕೊಡಲಿಲ್ಲ. ಆತಂಕ ನ್ಯಾಯವಾದದ್ದು. ಪ್ರೆಪ್ ಹೆಪಟೈಟಿಸ್ ಸಿ ತಡೆಯುವುದಿಲ್ಲ. ಕೀವು ತಡೆಯುವುದಿಲ್ಲ. ಓವರ್‌ಡೋಸ್ ತಡೆಯುವುದಿಲ್ಲ. ಹೊಸ ಸೂಜಿ ಮತ್ತು ಬೂಪ್ರೆನಾರ್ಫಿನ್ ಮೊದಲು, ಅವುಗಳ ಜೊತೆ ಪ್ರೆಪ್. ಸೂಜಿ ಕೊಡಲು ಬಂದವರ ಕೈಯಿಂದಲೇ ಮಾತ್ರೆಯೂ ಬರಬೇಕು, ಯಾಕೆಂದರೆ ನಂಬಿಕೆ ಹುಟ್ಟುವುದು ಸೂಜಿಯಿಂದ. ‘ಇವನು ನನ್ನನ್ನು ಹಿಡಿಸಲು ಬಂದಿಲ್ಲ’ ಅನ್ನುವುದು ಹೊಸ ಸೂಜಿ ಕೊಟ್ಟಾಗ ಗೊತ್ತಾಗುತ್ತದೆ.

ಹಿಡಿಸುವ ಭಯಕ್ಕೆ ಕಾರಣವಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ನಿಷೇಧಿತ ಮಾದಕ ವಸ್ತು ಸೇವಿಸುವುದೂ ಅಪರಾಧ. ಅದೇ ಕಾಯ್ದೆಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬಂದವರಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ, ಆದರೆ ಅದು ಗೊತ್ತಿರುವವರು ಕಮ್ಮಿ. ಇನ್ನೊಂದು ಕಾನೂನು ಇನ್ನೂ ಸ್ಪಷ್ಟ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಂ, ಎಚ್‌ಐವಿ ತಡೆಯಲು ಹೊಸ ಸೂಜಿ ಕೊಡುವುದನ್ನಾಗಲಿ ಬಳಸುವುದನ್ನಾಗಲಿ ಅಪರಾಧ ಎಂದು ನೋಡುವಂತಿಲ್ಲ ಅನ್ನುತ್ತದೆ. ಈ ಕಲಮನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಪ್ರತಿ ಪೊಲೀಸ್ ಠಾಣೆಗೆ, ಪ್ರತಿ ಮೆಡಿಕಲ್ ಶಾಪಿಗೆ ಕೊಡಲು ಎಷ್ಟು ಖರ್ಚಾಗುತ್ತದೆ?

ಜೈಲಿನ ಬಗ್ಗೆ ಒಂದು ಮಾತು. 2021ರ ಅದೇ ಸಮೀಕ್ಷೆಯಲ್ಲಿ ದೇಶದ ಕೈದಿಗಳಲ್ಲಿ ಎಚ್‌ಐವಿ ಶೇ 1.93 ಇತ್ತು, ಹೊರಗಿನವರಿಗಿಂತ ಒಂಬತ್ತು ಪಟ್ಟು. ಬಳ್ಳಾರಿಯಲ್ಲಿ ಕೇಂದ್ರ ಕಾರಾಗೃಹವಿದೆ. ಒಳಗೆ ಹೋದಾಗ ಪರೀಕ್ಷೆ, ಹೊರಗೆ ಬರುವ ದಿನ ಪ್ರೆಪ್ ಮತ್ತು ಹತ್ತಿರದ ಕೇಂದ್ರದ ಚೀಟಿ ಕೈಗೆ ಕೊಡುವ ಕೆಲಸಕ್ಕೆ ಜೈಲಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಹೆಂಡತಿಯರ ವಿಷಯವನ್ನು ನಾವು ಯಾವಾಗಲೂ ಕೊನೆಗೆ ತರುತ್ತೇವೆ, ಅದು ತಪ್ಪು. ಗಂಡ ಸೂಜಿ ಮುಟ್ಟುತ್ತಾನೆ ಅನ್ನುವುದು ಗೊತ್ತಿಲ್ಲದ ಹೆಂಗಸು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಬಸುರಿ ಆದಾಗ ಮಾಡುವ ಪರೀಕ್ಷೆಯಲ್ಲಿ ಅವಳಿಗೆ ಗೊತ್ತಾಗುತ್ತದೆ, ಅಷ್ಟೊತ್ತಿಗೆ ತಡವಾಗಿರುತ್ತದೆ. ಸ್ವತಃ ಸೂಜಿ ನಶೆ ಮಾಡುವ ಹೆಂಗಸರಂತೂ ಇನ್ನೂ ಮರೆಯಲ್ಲಿ ಇರುತ್ತಾರೆ. ಚುಚ್ಚುವುದು ಹೆಚ್ಚಾಗಿ ಜೊತೆಗಿರುವ ಗಂಡಸು, ಮೊದಲು ತನಗೆ, ಆಮೇಲೆ ಅವಳಿಗೆ. ಗಂಡಸರ ಜೊತೆ ಗಂಡಸು ಕಾರ್ಯಕರ್ತ ಮಾತಾಡಿ ಬಂದರೆ ಇವರು ಸಿಗುವುದಿಲ್ಲ. ಹೆಂಗಸರನ್ನು ಹುಡುಕಲು ಹೆಂಗಸರೇ ಹೋಗಬೇಕು.

ಇದೆಲ್ಲ ನಮ್ಮಿಂದ ಆಗುತ್ತಾ ಎಂದು ಕೇಳುವವರಿಗೆ ಈ ಭಾಗದ್ದೇ ಅನುಭವ ನೆನಪಿಸಬೇಕು. ಇಪ್ಪತ್ತು ವರ್ಷದ ಹಿಂದೆ ಕಲ್ಯಾಣ ಕರ್ನಾಟಕದಲ್ಲಿ ಎಚ್‌ಐವಿ ಅಂದರೆ ದೇವದಾಸಿ ಕುಟುಂಬಗಳು, ಲೈಂಗಿಕ ವೃತ್ತಿಯ ಮಹಿಳೆಯರು, ಲಾರಿ ಚಾಲಕರು. ಆಗಲೂ ಇದೇ ಮಾತು ಕೇಳಿಬರುತ್ತಿತ್ತು: ‘ಅವರು ಆಸ್ಪತ್ರೆಗೆ ಬರಲ್ಲ, ಹೇಳಿದ್ದು ಕೇಳಲ್ಲ.’ 2003ರ ನಂತರ ಗೇಟ್ಸ್ ಪ್ರತಿಷ್ಠಾನದ ಎಚ್‌ಐವಿ ತಡೆ ಯೋಜನೆ ಅವಾಹನ್‌ನಲ್ಲಿ ಕರ್ನಾಟಕದ ಜಿಲ್ಲೆ ಜಿಲ್ಲೆಯಲ್ಲಿ ಕೆಲಸ ಶುರುವಾದಾಗ, ಓಣಿಗೆ ಹೋದವರು ಆ ಮಹಿಳೆಯರೇ. ಕಾಂಡೋಮ್ ಕೊಟ್ಟರು, ಜೊತೆಯಲ್ಲೇ ಪರೀಕ್ಷೆಗೆ ಕರೆದುಕೊಂಡು ಹೋದರು, ಪೊಲೀಸರು ಹಿಡಿದಾಗ ಠಾಣೆಗೆ ಹೋಗಿ ನಿಂತರು. ಪ್ರೆಪ್‌ಗೂ ನಮ್ಮ ರಾಜ್ಯದ್ದೇ ಪಾಠವಿದೆ. ಮೈಸೂರಿನ ಅಶೋದಯ ಸಮಿತಿ, ಲೈಂಗಿಕ ವೃತ್ತಿಯವರದ್ದೇ ಸಂಘಟನೆ, ಪ್ರಾಯೋಗಿಕವಾಗಿ ಪ್ರೆಪ್ ಕೊಟ್ಟಾಗ ಮಹಿಳೆಯರು ಚೆನ್ನಾಗಿಯೇ ಮಾತ್ರೆ ತಗೊಂಡರು. ಮಾತ್ರೆ ತಂದುಕೊಟ್ಟಿದ್ದು ಗೆಳತಿ ಅನ್ನುವುದೇ ಅದರ ಗುಟ್ಟು.

ಸೂಜಿ ನಶೆ ಮಾಡುವವರಿಗೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಅಂಥ ಗೆಳೆಯರ ಸಾಲು ಕಟ್ಟಬೇಕು. ಶುರು ಮಾಡಲು ದೊಡ್ಡ ಕಟ್ಟಡ ಬೇಡ. ಕೈಯಲ್ಲಿ ಕೀವಾಗಿ ಡ್ರೆಸ್ಸಿಂಗ್‌ಗೆ ಬರುವ ಹುಡುಗರು ತಾಲ್ಲೂಕು ಆಸ್ಪತ್ರೆಗೆ ಈಗಲೂ ಬರುತ್ತಾರೆ. ಅವರಿಗೆ ಬೈಯದೆ, ಅಲ್ಲೇ ಬೆರಳಿಂದ ರಕ್ತ ತೆಗೆದು ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿ, ಅದೇ ದಿನ ಮಾತ್ರೆ ಕೊಡಬಹುದು. ಕ್ರಿಯೇಟಿನಿನ್ ರಿಪೋರ್ಟ್ ಆಮೇಲೆ ಬರಲಿ, ಮೂವತ್ತು ದಾಟದ ಆರೋಗ್ಯವಂತ ಹುಡುಗನಿಗೆ ಅದಕ್ಕಾಗಿ ಕಾಯಿಸಬೇಕಾಗಿಲ್ಲ. ಹೆಪಟೈಟಿಸ್ ಸಿ ಇದ್ದರೆ ಅದಕ್ಕೆ 2018ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ ಔಷಧವಿದೆ, ಹೆಚ್ಚಿನವರಿಗೆ ಮೂರು ತಿಂಗಳಲ್ಲಿ ವಾಸಿಯಾಗುತ್ತದೆ.

ಹೊಸ ಇಂಜೆಕ್ಷನ್‌ಗಳ ಸುದ್ದಿ ನೀವೂ ಓದಿರಬಹುದು. ಆರು ತಿಂಗಳಿಗೊಮ್ಮೆ ಹಾಕುವ ಲೆನಾಕಪವಿರ್‌ಗೆ ಅಮೆರಿಕ 2025ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಮುಂದಿನ ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಹೈದರಾಬಾದ್‌ನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಇದನ್ನು ಕೊಡುವ ಯೋಜನೆಯಲ್ಲಿವೆ. ಡಬ್ಬಿ ಬಚ್ಚಿಡಬೇಕಾದವನಿಗೆ ವರ್ಷಕ್ಕೆ ಎರಡೇ ಸಲ ಇಂಜೆಕ್ಷನ್ ಅನ್ನುವುದು ದೊಡ್ಡ ವಿಷಯ. ಆದರೆ ಅಮೆರಿಕದ ಒಪ್ಪಿಗೆ ಇರುವುದು ಲೈಂಗಿಕ ಸಂಪರ್ಕದಿಂದ ಬರುವ ಎಚ್‌ಐವಿ ತಡೆಗೆ. ಸೂಜಿ ನಶೆ ಮಾಡುವವರಲ್ಲಿ ಪ್ರತ್ಯೇಕ ಅಧ್ಯಯನ ಶುರುವಾದದ್ದು ಬೇರೆಯವರಲ್ಲಿ ಅಧ್ಯಯನ ಶುರುವಾದ ಎಷ್ಟೋ ಸಮಯದ ಮೇಲೆ. ಯಾವಾಗಲೂ ಹೀಗೇ, ಇವರ ಸರದಿ ಕೊನೆಗೆ. ಔಷಧ ಹೈದರಾಬಾದಿನಲ್ಲಿ ತಯಾರಾಗಿ ರಾಯಚೂರಿಗೆ ಬರುವ ಹೊತ್ತಿಗೆ, ಅದನ್ನು ಹಾಕಿಸಿಕೊಳ್ಳಬೇಕಾದವರು ಯಾರು, ಎಲ್ಲಿದ್ದಾರೆ ಅನ್ನುವುದು ನಮಗೆ ಗೊತ್ತಿರಬೇಕು. ಆ ಕೆಲಸವನ್ನು ಈಗಿನ ಮಾತ್ರೆಯಿಂದಲೇ ಶುರು ಮಾಡಬಹುದು.

ಇದನ್ನು ಓದುವವರಲ್ಲಿ ಯಾರಿಗಾದರೂ ಸ್ವಂತಕ್ಕೋ ಗೆಳೆಯನಿಗೋ ಇದು ಬೇಕಾಗಿದ್ದರೆ ಇಷ್ಟು ನೆನಪಿಡಿ. ನಿನ್ನೆ ರಾತ್ರಿ ಬೇರೆಯವರ ಸೂಜಿ ಬಳಸಿದ್ದರೆ ಪ್ರೆಪ್ ಅಲ್ಲ, ಪೆಪ್ ಬೇಕು, ಅಂದರೆ ಅಪಾಯ ಆಗಿಹೋದ ಮೇಲೆ ಸೋಂಕು ತಡೆಯಲು ತಗೊಳ್ಳುವ ಔಷಧ. ಅದು 72 ಗಂಟೆ ಒಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. 28 ದಿನ ತಗೊಳ್ಳಬೇಕು. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಕೊಂಡ ನರ್ಸ್‌ಗೆ ಕೊಡುವುದು ಇದೇ ಔಷಧ, ಹಾಗಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಲು ಹಿಂಜರಿಯಬೇಡಿ. ದಾರಿ ಗೊತ್ತಾಗದಿದ್ದರೆ ಎಚ್‌ಐವಿ ಸಹಾಯವಾಣಿ 1097 ಉಚಿತ, ಹೆಸರು ಹೇಳಬೇಕಾಗಿಲ್ಲ. ನಶೆ ಬಿಡುವ ಬಗ್ಗೆ, ಮನಸ್ಸಿನ ಸಂಕಟದ ಬಗ್ಗೆ ಮಾತಾಡಬೇಕಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. 28 ದಿನ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಎಚ್‌ಐವಿ ಇಲ್ಲ ಅಂತ ಬಂದರೆ, ಸೂಜಿ ಇನ್ನೂ ಬಿಟ್ಟಿಲ್ಲ ಅಂದರೆ, ಒಂದು ದಿನವೂ ಬಿಡುವು ಕೊಡದೆ ಅಲ್ಲಿಂದಲೇ ಪ್ರೆಪ್ ಶುರು ಮಾಡಲು ಡಾಕ್ಟರನ್ನು ಕೇಳಿ. ಹೊಸದಾಗಿ ಪ್ರೆಪ್ ಶುರು ಮಾಡುವವರಿಗೆ ಸೂಜಿಯ ಅಪಾಯದಿಂದ ಪೂರ್ತಿ ರಕ್ಷಣೆ ಸಿಗಲು ಸುಮಾರು 21 ದಿನ ಬೇಕು ಎಂದು ಸಿಡಿಸಿ ಹೇಳುತ್ತದೆ, ಅಲ್ಲಿಯವರೆಗೂ, ಆಮೇಲೂ, ಸೂಜಿ ನಿಮ್ಮದೇ ಆಗಿರಲಿ, ನೀರೂ ಮುಚ್ಚಳವೂ ನಿಮ್ಮದೇ ಆಗಿರಲಿ.